ಕೆರೆಯ ನೀರು ಮೇ ತಿಂಗಳಿಗೆ ಸಾಕಾದೀತೇ?

ನೆಹರು ಗಂಜಿನಲ್ಲಿ ತೊಗರಿ ಮಾರಿ, ಬರುವಾಗ ತರಕಾರಿ ಬೀಜ ಕೊಳ್ಳುವ ರೈತ ಬಾಂಧವರೇ, ಮೊದಲು ಊರ ಕೆರೆಯನ್ನೊಮ್ಮೆ ನೋಡಿ ಬನ್ನಿರಿ. ಕಲಬುರಗಿಯ ಬಿಸಿಲು 40 ಡಿಗ್ರಿ ದಾಟಿ ಒಣಗಾಳಿ ಬೀಸತೊಡಗಿದರೆ ದಿನಕ್ಕೆ ಸುಮಾರು 1 ಸೆಂಟಿಮೀಟರ್, ಅಂದರೆ ತಿಂಗಳಿಗೆ ಒಂದು ಅಡಿ ನೀರು ಆವಿಯಾಗಿಯೇ ಹೋಗುತ್ತದೆ. ಪಂಪು ಎತ್ತುವುದು, ದನ ಕುಡಿಯುವುದು ಬೇರೆ. ನಾಲ್ಕಡಿ ನೀರು ನಂಬಿ ಮೂರು ತಿಂಗಳ ಬೆಳೆ ಇಡುವುದು ಜೂಜೇ ಸರಿ. ಕಮಲಾಪುರದ ಕೆಂಪು ಬಾಳೆಯವರಂತೂ ಇದ್ದ ತೋಟಕ್ಕೇ ನೀರು ಕಾಯ್ದಿಡಬೇಕು.

ಮಧ್ಯಾಹ್ನ ಸೆಕೆ ಏರಿ ಸಂಜೆ ಗುಡುಗಿನ ಮಳೆ ಬಂದೀತು. ಅದು ಕೆರೆ ತುಂಬಿಸುವ ಮಳೆಯಲ್ಲ. 2014ರ ಫೆಬ್ರುವರಿ-ಮಾರ್ಚಿನಲ್ಲಿ ಈ ಭಾಗದಲ್ಲಿ ಆಲಿಕಲ್ಲು ಬಿದ್ದು ಕೈಗೆ ಬಂದ ಬೆಳೆ ಹಾಳಾದದ್ದನ್ನು ಮರೆತಿರಲಾರಿರಿ. ಕಣದ ರಾಶಿಗೆ, ಗಂಜಿನ ಅಂಗಳದ ಚೀಲಗಳಿಗೆ ತಾಡಪತ್ರಿ ಸಿದ್ಧವಿರಲಿ. ಗೊನೆ ಹೊತ್ತ ಬಾಳೆಗೆ ಈಗಲೇ ಆಸರೆಗೋಲು ಕೊಡಿರಿ.