ಮರಳಿ ಬಂದವರಿಗೆ ಊರಿನಲ್ಲಿ ಏನಿದೆ?

ಯಾದಗಿರಿ ಜಿಲ್ಲೆಯಲ್ಲಿ ಊರು ಬಿಟ್ಟು ಹೋಗುವುದು ಸುದ್ದಿಯೇ ಅಲ್ಲ. ಸುಗ್ಗಿ ಮುಗಿಯುತ್ತಿದ್ದಂತೆ ಸುರಪುರ, ಶಹಾಪುರ, ಯಾದಗಿರಿ ತಾಲ್ಲೂಕುಗಳ ಹಳ್ಳಿ, ತಾಂಡಾಗಳಿಂದ ಜನ ಬೆಂಗಳೂರು, ಪುಣೆ, ಮುಂಬೈ, ಗೋವಾ, ಹೈದರಾಬಾದಿನ ಕಡೆ ಹೊರಡುತ್ತಾರೆ. ಮೇಸ್ತ್ರಿ ಕೊಟ್ಟ ಮುಂಗಡ ಆಗಲೇ ಮದುವೆಗೋ ಆಸ್ಪತ್ರೆಗೋ ಖರ್ಚಾಗಿರುತ್ತದೆ. ಅದನ್ನು ಗಾರೆ ಕಲಸಿ, ಕಲ್ಲು ಹೊತ್ತು, ರಸ್ತೆ ಅಗೆದು ತೀರಿಸಬೇಕು. ಬೀಗ ಬಿದ್ದ ಮನೆಯ ಪಕ್ಕದವರನ್ನು ಕೇಳಿದರೆ ‘ದುಡಿಯಾಕ ಹೋಗ್ಯಾರ’ ಎಂಬ ಉತ್ತರ ಬರುತ್ತದೆ, ಅದಕ್ಕಿಂತ ಹೆಚ್ಚಿನ ವಿವರಣೆ ಯಾರಿಗೂ ಬೇಕಿಲ್ಲ. ಹೋಗುವುದಕ್ಕೆ ಇಲ್ಲಿ ಎಲ್ಲ ವ್ಯವಸ್ಥೆಯೂ ಇದೆ. ಯಾದಗಿರಿ ನಿಲ್ದಾಣದಲ್ಲಿ ಮುಂಬೈ ರೈಲು ನಿಲ್ಲುತ್ತದೆ, ರೈಲಿಲ್ಲದ ಸುರಪುರ, ಶಹಾಪುರಗಳಿಂದ ಬಸ್ಸು, ಕ್ರೂಸರ್‌ಗಳಿವೆ, ಕರೆದೊಯ್ಯುವ ಮುಕಾದಮನಿದ್ದಾನೆ. ಬರುವುದಕ್ಕೆ ಏನಿದೆ ಎಂದು ಕೇಳಿದವರು ಕಡಿಮೆ.

ಹೊರದೇಶದಲ್ಲಿ ಬಹುಕಾಲ ಇದ್ದು ಮರಳುವವರ ಚಿಂತೆಗಳು ಎಲ್ಲರಿಗೂ ಗೊತ್ತು. ಮಕ್ಕಳ ಶಾಲೆ ಏನಾಗುತ್ತದೆ? ಅಲ್ಲಿ ಕಲಿತ ಕಸುಬಿಗೆ ಇಲ್ಲಿ ಬೆಲೆ ಇದೆಯೇ? ಅಪ್ಪ ಅಮ್ಮನನ್ನು ನೋಡಿಕೊಂಡಂತಾಯಿತು, ಆದರೆ ಅರ್ಧ ಸಂಪಾದನೆಯಲ್ಲಿ ಬದುಕು ಸಾಗುತ್ತದೆಯೇ? ಪುಣೆಯ ಕಟ್ಟಡಗಳಲ್ಲಿ ವರ್ಷಗಟ್ಟಲೆ ಸೆಂಟ್ರಿಂಗ್ ಕಟ್ಟಿ ಸುರಪುರ ತಾಲ್ಲೂಕಿನ ತಾಂಡಾಕ್ಕೆ ಬಂದವನ ಚಿಂತೆಗಳೂ ಇವೇ. ಅವನ ಮಗ ಮರಾಠಿ ಶಾಲೆಯಲ್ಲಿ ಓದಿದ್ದಾನೆ, ಕನ್ನಡ ಅಕ್ಷರ ಬಾರದು. ಅವನು ಕಲಿತ ಕೆಲಸಕ್ಕೆ ಹನ್ನೆರಡು ಅಂತಸ್ತಿನ ಕಟ್ಟಡ ಬೇಕು. ಹೊಲ ತಮ್ಮನ ಉಳುಮೆಯಲ್ಲಿದೆ. ಇಷ್ಟಿದ್ದರೂ ವಿಮಾನದಲ್ಲಿ ಬಂದವನದು ಮಾತ್ರ ಮರಳುವಿಕೆ ಎನಿಸಿಕೊಳ್ಳುತ್ತದೆ. ಇವನದು ಮಳೆ ಬಂದರೆ ಬರುವ, ಮಳೆ ಹೋದರೆ ಹೋಗುವ ಲೆಕ್ಕ. ಒಂದು ಸೀಮೆ ತನ್ನ ಮಕ್ಕಳನ್ನು ಹೇಗೆ ನಡೆಸಿಕೊಂಡಿದೆ ಎಂದು ಅಳೆಯಬೇಕಾದರೆ, ಎಷ್ಟು ಜನ ಹೋದರು ಎಂದು ಎಣಿಸಿದರೆ ಸಾಲದು. ಹೋದವರು ತಾವು ಬಯಸಿದ ದಿನ ಬಂದು, ತಲೆ ತಗ್ಗಿಸದೆ ನೆಲೆ ನಿಲ್ಲಬಲ್ಲರೇ ಎಂದೂ ನೋಡಬೇಕು.

2020ರ ಬೇಸಿಗೆ ಈ ಪರೀಕ್ಷೆಯನ್ನು ಒಮ್ಮೆಲೇ ಒಡ್ಡಿತು. ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು. ಬೆಂಗಳೂರಿನಲ್ಲಿ ಸಿಲುಕಿದ್ದ ಉತ್ತರ ಕರ್ನಾಟಕದ ಕೂಲಿಕಾರರಿಗೆ ಮೇ ಆರಂಭದಲ್ಲಿ ಬಸ್ಸು ಬಿಟ್ಟಾಗ ಮೊದಲು ಕೇಳಿದ್ದು ದುಬಾರಿ ದರ. ಟೀಕೆ ಎದ್ದ ಮೇಲಷ್ಟೇ ಪ್ರಯಾಣ ಉಚಿತವಾಯಿತು. ಮಹಾರಾಷ್ಟ್ರ, ಗುಜರಾತಿನಲ್ಲಿದ್ದವರ ಪಾಡು ಇನ್ನೂ ಕಷ್ಟದ್ದು. ಮೇ 12ರಂದು ವಿದೇಶದಲ್ಲಿ ಸಿಲುಕಿದವರನ್ನು ಕರೆತರುವ ಮೊದಲ ವಂದೇ ಭಾರತ್ ವಿಮಾನ ದುಬೈಯಿಂದ ಮಂಗಳೂರಿಗೆ ಬಂದಿಳಿಯಿತು, ಅದು ಸರಿಯಾದ ಕೆಲಸವೇ. ಆರು ದಿನದ ಬಳಿಕ, ಮೇ 18ರಂದು, ಮಹಾರಾಷ್ಟ್ರ, ಗುಜರಾತ್ ಸೇರಿ ಕೆಲವು ರಾಜ್ಯಗಳಿಂದ ಯಾರೂ ತಿಂಗಳ ಕೊನೆಯವರೆಗೆ ಕರ್ನಾಟಕದೊಳಗೆ ಬರಕೂಡದು ಎಂದು ರಾಜ್ಯ ಸರ್ಕಾರ ಹೇಳಿತು. ಹಾಗೆ ತಡೆಯಲ್ಪಟ್ಟವರಲ್ಲಿ ಯಾದಗಿರಿ, ಕಲಬುರಗಿ, ರಾಯಚೂರಿನ ಮತದಾರರೂ ಇದ್ದರು. ಸೋಂಕಿನ ಭಯ ಸುಳ್ಳಲ್ಲ. ಮೇ ಎರಡನೇ ವಾರದವರೆಗೆ ಒಂದೂ ಪ್ರಕರಣವಿಲ್ಲದ ಯಾದಗಿರಿಯಲ್ಲಿ, ಹೊರರಾಜ್ಯಗಳಿಂದ ಜನ ಬರತೊಡಗಿದ ಮೇಲೆ ನೂರಾರು ಪ್ರಕರಣ ಕಂಡವು. ಆದರೆ ಭಯಕ್ಕೆ ಮದ್ದು ತಪಾಸಣೆ, ಪ್ರತ್ಯೇಕವಾಸ. ಸ್ವಂತ ರಾಜ್ಯದ ಗಡಿಯಲ್ಲಿ ನಿಂತವನಿಗೆ ‘ಬರಬೇಡ’ ಎನ್ನುವ ಅಧಿಕಾರ ಯಾವ ಸರ್ಕಾರಕ್ಕೂ ಇರಬಾರದು.

ಒಳಗೆ ಬಂದವರು ಶಾಲೆ, ವಸತಿನಿಲಯಗಳಲ್ಲಿ ದಿನ ಕಳೆದರು. ತಾವು ಎಂದೋ ಬಿಟ್ಟ ಶಾಲೆಯ ಅದೇ ಕೋಣೆಯ ನೆಲದ ಮೇಲೆ, ಕಿಟಕಿಯಾಚೆ ನಿಂತ ತಾಯಿಯ ಕೈಯಿಂದ ರೊಟ್ಟಿ ಗಂಟು ಇಸಿದುಕೊಂಡು ಮಲಗಿದವರಿದ್ದರು. ಮನೆಗೆ ಹೋದ ಮೇಲೂ ಕೆಲವು ಕಾಲ ‘ಬಾಂಬೆದವರು’ ಎಂಬ ಹೆಸರು ಬೆನ್ನು ಬಿಡಲಿಲ್ಲ. ವರ್ಷಗಟ್ಟಲೆ ಜಾತ್ರೆಗೆ ಪಟ್ಟಿ ಕೊಟ್ಟವರು, ಗುಡಿಯ ಕಳಸಕ್ಕೆ ದುಡ್ಡು ಕಳಿಸಿದವರು ಇವರೇ.

ಆ ದಿನಗಳಲ್ಲಿ ಕೈ ಹಿಡಿದದ್ದು ಉದ್ಯೋಗ ಖಾತ್ರಿ. ಕೇಂದ್ರ ಸರ್ಕಾರ ಆ ವರ್ಷದ 61,500 ಕೋಟಿ ರೂಪಾಯಿಗೆ ಇನ್ನೂ 40,000 ಕೋಟಿ ಸೇರಿಸಿತು. ಕರ್ನಾಟಕದಲ್ಲಿ ಆಗ ದಿನಗೂಲಿ 275 ರೂಪಾಯಿ. ನಮೂನೆ 6 ಬರೆದು ಕೊಟ್ಟರೆ 15 ದಿನದೊಳಗೆ ಕೆಲಸ ಕೊಡಬೇಕು ಎಂಬ ನಿಯಮದ ಬಲದಲ್ಲಿ ಕೆರೆಯ ಹೂಳು, ಬದು, ಕೃಷಿಹೊಂಡದ ಕೆಲಸಗಳು ನಡೆದವು. ಇದಾದ ಮೇಲೆ ಜೂನ್ 20ರಂದು ಕೇಂದ್ರವು ಮರಳಿದ ಕಾರ್ಮಿಕರಿಗಾಗಿಯೇ ಗರೀಬ್ ಕಲ್ಯಾಣ್ ರೋಜ್‌ಗಾರ್ ಅಭಿಯಾನ ಆರಂಭಿಸಿತು. 6 ರಾಜ್ಯಗಳ 116 ಜಿಲ್ಲೆಗಳು ಅದರಲ್ಲಿದ್ದವು: ಬಿಹಾರ, ಉತ್ತರ ಪ್ರದೇಶ, ಮಧ್ಯಪ್ರದೇಶ, ರಾಜಸ್ಥಾನ, ಒಡಿಶಾ, ಜಾರ್ಖಂಡ್. ಕರ್ನಾಟಕದ ಒಂದು ಜಿಲ್ಲೆಯೂ ಇರಲಿಲ್ಲ. ಐಟಿ ರಾಜ್ಯವೆಂದು ಹೆಸರಾದ ಕರ್ನಾಟಕದಿಂದಲೂ ಹೊಟ್ಟೆಪಾಡಿಗೆ ಹೊರಹೋಗುವವರಿದ್ದಾರೆ, ಅವರಲ್ಲಿ ಬಹಳಷ್ಟು ಜನ ಕೃಷ್ಣಾ–ಭೀಮಾ ತೀರದವರು ಎಂಬುದು ದೆಹಲಿಗೆ ತಲುಪಿರಲಿಲ್ಲ. ಬೆಂಗಳೂರು ತಲುಪಿಸಲೂ ಇಲ್ಲ.

ಲೆಕ್ಕವಿಲ್ಲದ್ದು ಕಾಣುವುದಿಲ್ಲ, ಮೂಲ ತೊಡಕು ಇಲ್ಲಿದೆ. 2018ರಲ್ಲಿ ಹಿಂದುಳಿದ ಜಿಲ್ಲೆಗಳಿಗಾಗಿ ಕೇಂದ್ರ ಮಾಡಿದ ‘ಮಹತ್ವಾಕಾಂಕ್ಷೆಯ ಜಿಲ್ಲೆ’ಗಳ ಪಟ್ಟಿಗೆ ಕರ್ನಾಟಕದಿಂದ ಸೇರಿದವು ಎರಡೇ, ರಾಯಚೂರು ಮತ್ತು ಯಾದಗಿರಿ. ಆರೋಗ್ಯ, ಶಿಕ್ಷಣ, ಕೃಷಿ, ಬ್ಯಾಂಕು, ಮೂಲಸೌಕರ್ಯ ಎಂದು 49 ಸೂಚಕಗಳಲ್ಲಿ ಆ ಜಿಲ್ಲೆಗಳನ್ನು ಅಳೆಯುತ್ತಾರೆ. ಊರು ಬಿಟ್ಟವರೆಷ್ಟು, ಮರಳಿದವರೆಷ್ಟು ಎಂಬುದು ಅದರಲ್ಲಿಲ್ಲ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕೊನೆಯದು; ರಾಜ್ಯದ ಸರಾಸರಿ ಶೇ 75.36. ಈ ಅಂಕಿಯನ್ನು ಪ್ರತಿ ಭಾಷಣದಲ್ಲೂ ಹೇಳುತ್ತಾರೆ. ಅಪ್ಪ ಅಮ್ಮನ ಜೊತೆ ವರ್ಷಕ್ಕೆ ಆರು ತಿಂಗಳು ಕಟ್ಟಡದ ಬುಡದಲ್ಲಿ ಕಳೆಯುವ ಮಗು ಹೇಗೆ ಓದೀತು ಎಂಬ ಮಾತನ್ನು ಮಾತ್ರ ಅದರ ಜೊತೆಗೆ ಹೇಳುವುದಿಲ್ಲ. ಕೇರಳ ಇದನ್ನು ಬೇರೆ ರೀತಿ ನೋಡಿತು. ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರವು 1998ರಲ್ಲಿ ವಲಸೆ ಸಮೀಕ್ಷೆ ಆರಂಭಿಸಿತು. ಅದು ಹೋದವರ ಜೊತೆ ಮರಳಿದವರನ್ನೂ ಎಣಿಸುತ್ತದೆ. ಗಲ್ಫ್‌ನಿಂದ ಬಂದವರಿಗೆ ಸ್ವಂತ ಉದ್ಯೋಗಕ್ಕೆ ಸಾಲ–ಸಹಾಯಧನದ ಯೋಜನೆ ಅಲ್ಲಿದೆ. ದುಬೈಯಿಂದ ಬಂದವನಿಗೆ ಸಾಧ್ಯವಾದದ್ದು ಪುಣೆಯಿಂದ ಬಂದವನಿಗೆ ಏಕೆ ಆಗಬಾರದು?

ಇಲ್ಲಿ ಒಂದು ಬಲವಾದ ಆಕ್ಷೇಪ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಮರಳುವುದಾದರೂ ಏಕೆ? ನಗರಕ್ಕೆ ಹೋದವರು ಅಲ್ಲಿಯೇ ಬೇರು ಬಿಡಲಿ. ದೊಡ್ಡವರ ಹೊಲದಲ್ಲಿ ಜೀತ ಮಾಡಿದವರ ಮೊಮ್ಮಗ ಯಾರ ಮುಖವನ್ನೂ ನೋಡದೆ ಕೂಲಿ ಎಣಿಸಿಕೊಳ್ಳುವ ಜಾಗ ಊರಿಗಿಂತ ಮೇಲು. ದಲಿತ ಕುಟುಂಬಗಳಿಗೆ ನಗರ ಕೊಟ್ಟ ಉಸಿರನ್ನು ಹಳ್ಳಿ ಕೊಟ್ಟಿಲ್ಲ. ಈ ಮಾತು ನಿಜ. ಆದ್ದರಿಂದಲೇ ‘ಗುಳೆ ತಪ್ಪಿಸುತ್ತೇವೆ’ ಎಂಬ ಸರ್ಕಾರಿ ಘೋಷಣೆಯೂ ಅರೆಬರೆಯದು. ಹೋಗಬಯಸುವವನನ್ನು ಹಿಡಿದಿಡುವುದು ಯಾರ ಹಿತವೂ ಅಲ್ಲ. ಆದರೆ ನಗರ ಅವನನ್ನು ತನ್ನವನೆಂದು ಒಪ್ಪಿಕೊಂಡಿದೆಯೇ? ಬೆಂಗಳೂರಿನ ಹೊರವಲಯದ ತಗಡಿನ ಶೆಡ್ಡಿಗೆ ವಿಳಾಸವಿಲ್ಲ, ಕಟ್ಟಡ ಮುಗಿದೊಡನೆ ಶೆಡ್ಡೂ ಕೀಳುತ್ತಾರೆ. ಬೆನ್ನು ಬಿದ್ದ ದಿನ, ಗರ್ಭಿಣಿಯಾದ ದಿನ, ಐವತ್ತು ದಾಟಿದ ದಿನ ಊರಿನ ಬಸ್ಸು ಹತ್ತಲೇಬೇಕು. ನಗರ ಯೌವನವನ್ನು ಬಳಸಿಕೊಂಡು ಮುಪ್ಪನ್ನು ಊರಿಗೆ ಕಳಿಸುವಾಗ, ಮರಳುವುದು ಒಂದು ಆಯ್ಕೆ ಎಂದು ಮಾತಾಡುವುದು ಕಷ್ಟ. ಉಳಿಯಬಲ್ಲವನಿಗೆ ಮಾತ್ರ ಮರಳುವುದು ಆಯ್ಕೆ.

ಕಾನೂನು ಒಮ್ಮೆ ಇದನ್ನು ಅರಿತಿತ್ತು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಹೋಗುವ ಖರ್ಚಿನಂತೆ ಬರುವ ಖರ್ಚನ್ನೂ ಗುತ್ತಿಗೆದಾರನ ಮೇಲೆ ಹೊರಿಸಿತ್ತು. ದಾರಿಯ ದಿನಗಳಿಗೂ ಕೂಲಿ ಕೊಡಬೇಕಿತ್ತು. ಕಾಗದದ ಮೇಲೆ ಇದಕ್ಕಿಂತ ಮಾನವೀಯವಾದ ಕಲಮು ಹುಡುಕುವುದು ಕಷ್ಟ. ಆದರೆ ಶಹಾಪುರದಿಂದ ಬೆಂಗಳೂರಿಗೆ ಹೋದವನು ರಾಜ್ಯದ ಗಡಿ ದಾಟಿಲ್ಲ, ಅವನಿಗೆ ಅದು ಅನ್ವಯಿಸಲೇ ಇಲ್ಲ. ಪುಣೆಗೆ ಹೋದವನ ಮೇಸ್ತ್ರಿ ಎಲ್ಲಿಯೂ ನೋಂದಾಯಿಸಿಕೊಂಡವನಲ್ಲ.

ಎರಡನೆಯ ಆಕ್ಷೇಪ ಸೂಕ್ಷ್ಮವಾದದ್ದು: ವರ್ಷಗಳ ಮೇಲೆ ಬಂದವನು ಬಿಟ್ಟುಹೋದ ಊರಿಗೆ ಬರುವುದೇ ಇಲ್ಲ, ಊರೂ ಬದಲಾಗಿರುತ್ತದೆ, ಅವನೂ ಬದಲಾಗಿರುತ್ತಾನೆ. ಸುರಪುರದ ಇತಿಹಾಸದಲ್ಲೇ ಇದಕ್ಕೊಂದು ನಿದರ್ಶನ ಇದೆ. ಬೆಟ್ಟದ ಮೇಲಿನ ಟೇಲರ್ ಮಂಜಿಲ್ ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿ, 15ರ ಪ್ರಾಯದಲ್ಲಿ ಭಾರತಕ್ಕೆ ಬಂದವನು. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದಲ್ಲಿ ಬ್ರಿಟಿಷರ ಪ್ರತಿನಿಧಿ; ಬಾಲಕ ದೊರೆ ರಾಜಾ ವೆಂಕಟಪ್ಪ ನಾಯಕನ ಮೇಲ್ವಿಚಾರಕ. ಹುಡುಗ ತನ್ನನ್ನು ಅಪ್ಪಾ ಎಂದು ಕರೆಯುತ್ತಿದ್ದನೆಂದು ಟೇಲರ್ ಬರೆದುಕೊಂಡಿದ್ದಾನೆ. 1860ರಲ್ಲಿ ಆರೋಗ್ಯ ಕೆಟ್ಟು ತನ್ನ ದೇಶಕ್ಕೆ ಮರಳಿದ. ನಿವೃತ್ತಿವೇತನ ಇತ್ತು, ಮನೆ ಇತ್ತು, ಗೌರವ ಇತ್ತು. ಆದರೂ ಅಲ್ಲಿ ಕೂತು ಅವನು ಬರೆದ ‘ತಾರಾ’, ‘ಸೀತಾ’ ಕಾದಂಬರಿಗಳೆಲ್ಲ ಭಾರತದವೇ. 1875ರಲ್ಲಿ ಹೈದರಾಬಾದ್ ಸಂಸ್ಥಾನದ ದಿವಾನ ಸಾಲಾರ್ ಜಂಗ್ ಕರೆದಾಗ ಮುದಿವಯಸ್ಸಿನಲ್ಲಿ ಮತ್ತೆ ಹೈದರಾಬಾದಿಗೆ ಬಂದ; ಜ್ವರ ಹತ್ತಿಸಿಕೊಂಡು ಹಿಂತಿರುಗುವ ದಾರಿಯಲ್ಲಿ 1876ರಲ್ಲಿ ಫ್ರಾನ್ಸಿನ ಮಾಂತೋನ್‌ನಲ್ಲಿ ತೀರಿಹೋದ.

ಅವನು ಸಾಕಿದ ಹುಡುಗನಿಗೆ ಆ ಅವಕಾಶವೂ ಸಿಗಲಿಲ್ಲ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ವೆಂಕಟಪ್ಪ ನಾಯಕನಿಗೆ ವಿಧಿಸಿದ ಮರಣದಂಡನೆ ಕೊನೆಗೆ ಮದ್ರಾಸಿನ ಬಳಿಯ ಕೋಟೆಯಲ್ಲಿ ನಾಲ್ಕು ವರ್ಷದ ಸೆರೆಯಾಯಿತು. ನಡತೆ ಒಪ್ಪಿಗೆಯಾದರೆ ಸಂಸ್ಥಾನ ಮರಳಿ ಸಿಗುವ ಸಾಧ್ಯತೆಯೂ ಇತ್ತು. ಕರೆದೊಯ್ಯುವ ದಾರಿಯಲ್ಲೇ ಗುಂಡೇಟಿನಿಂದ ಅವನು ಸತ್ತ. ಮನಸ್ಸು ಎರಡು ಕಡೆ ಹರಿದುಹೋಗುವುದು ಆಳುವವನಿಗೂ ತಪ್ಪಿದ್ದಲ್ಲ, ಆಳಿಸಿಕೊಂಡವನಿಗೂ ತಪ್ಪಿದ್ದಲ್ಲ. ಆದರೆ ಮನಸ್ಸಿನ ಈ ತಳಮಳ ಬೇರೆ, ಬದುಕಿನ ವ್ಯವಸ್ಥೆ ಬೇರೆ. ಟೇಲರನಿಗೆ ಹೋಗಲೂ ಬರಲೂ ಮತ್ತೆ ಹೋಗಲೂ ಆಧಾರ ಇತ್ತು. ಅಂಥ ಆಧಾರ ಇದ್ದವನೇ ಊರು ಬದಲಾದ ದುಃಖವನ್ನು ಕೂತು ಬರೆಯಬಲ್ಲ. ಮರಳಿದವನ ಒಳಗಿನ ಪರಕೀಯತೆಯನ್ನು ಯಾವ ಸರ್ಕಾರವೂ ನೀಗಲಾರದು, ನೀಗಬೇಕಿಲ್ಲ. ಆದರೆ ರೇಷನ್ ಕಾರ್ಡಿನಿಂದ ಅವನ ಹೆಸರು ಹೋಗದಂತೆ ನೋಡಿಕೊಳ್ಳಬಹುದು.

ಊರಿನಲ್ಲಿ ಏನೂ ಇಲ್ಲ, ಅದಕ್ಕೇ ಹೋಗುತ್ತಾರೆ ಎನ್ನುವುದೂ ಪೂರ್ತಿ ಸರಿಯಲ್ಲ. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿಯಿತು. ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರ ಸೀಮೆಗೆ ಹರಿದು ಜೋಳ, ಸಜ್ಜೆಯ ಎರೆಹೊಲಗಳು ಭತ್ತದ ಗದ್ದೆಗಳಾದವು. ಆ ನೀರಿನ ಹಿಂದೆಯೇ ಆಂಧ್ರದ ರೈತರು ಬಂದು, ನೆಲ ಕೊಂಡೋ ಲಾವಣಿಗೆ ಹಿಡಿದೋ ಕ್ಯಾಂಪ್ ಕಟ್ಟಿಕೊಂಡರು. ಹೊರಗಿನವರು ಬಂದು ಬೇರು ಬಿಟ್ಟ ನೆಲದಿಂದಲೇ ಒಳಗಿನವರು ಎದ್ದು ಹೋದರು. ಬಂದವರ ತಪ್ಪು ಇದರಲ್ಲಿಲ್ಲ. ಅವರ ಬಳಿ ಗದ್ದೆ ಮಟ್ಟ ಮಾಡಿಸುವ ಬಂಡವಾಳ ಇತ್ತು, ಭತ್ತದ ಕಸುಬು ಇತ್ತು. ಎರಡು ಎಕರೆಯ ಒಡೆಯನಿಗೆ ಆ ಎರಡೂ ಇರಲಿಲ್ಲ, ಕೊಡಿಸುವವರೂ ಇರಲಿಲ್ಲ. ಇದೇ ಜಿಲ್ಲೆಯ ಕಡೇಚೂರು ಕೈಗಾರಿಕಾ ಪ್ರದೇಶಕ್ಕೆ ಮೂರು ಸಾವಿರ ಎಕರೆಗೂ ಹೆಚ್ಚು ಜಮೀನು ಹೋಯಿತು; ಅಲ್ಲಿನ ಹಳ್ಳಿಗಳವರು ಕೆಲಸ ಸಿಗದ ದೂರನ್ನೂ ರಾಸಾಯನಿಕ ಕಾರ್ಖಾನೆಗಳ ವಾಸನೆಯ ದೂರನ್ನೂ ಹೇಳುತ್ತಲೇ ಇದ್ದಾರೆ. ನಗರದಲ್ಲಿ ವೆಲ್ಡಿಂಗ್, ಟೈಲ್ಸ್, ವೈರಿಂಗ್ ಕಲಿತು ಬಂದವರು ಜಿಲ್ಲೆಯ ಪ್ರತಿ ಹಳ್ಳಿಯಲ್ಲೂ ಇದ್ದಾರೆ. ಅವರ ಕೈಗೆ ಪ್ರಮಾಣಪತ್ರ ಇಲ್ಲ ಎಂಬ ಒಂದೇ ಕಾರಣಕ್ಕೆ ಆ ಕಸುಬು ಇಲ್ಲಿ ಲೆಕ್ಕಕ್ಕಿಲ್ಲ.

ಆಗಬೇಕಾದ ಕೆಲಸ ದೊಡ್ಡದೇನಲ್ಲ, ಗ್ರಾಮ ಪಂಚಾಯಿತಿಯಲ್ಲೇ ಶುರುವಾಗಬಹುದಾದದ್ದು. ಯಾರು ಎಲ್ಲಿಗೆ, ಯಾವ ಮೇಸ್ತ್ರಿಯ ಜೊತೆ, ಎಷ್ಟು ಮುಂಗಡಕ್ಕೆ ಹೋದರು, ಯಾವಾಗ ಬಂದರು ಎಂಬ ಒಂದು ವಹಿ ಬೇಕು. ಬಂದವರ ಜಾಬ್ ಕಾರ್ಡು, ಪಡಿತರದ ಇ-ಕೆವೈಸಿ, ವೃದ್ಧಾಪ್ಯ ವೇತನ ಒಂದೇ ಕಡೆ ಸರಿಯಾಗಬೇಕು. ಮರಾಠಿಯಲ್ಲೋ ತೆಲುಗಿನಲ್ಲೋ ಓದಿದ ಮಗುವನ್ನು ವರ್ಗಾವಣೆ ಪತ್ರವಿಲ್ಲವೆಂದು ಹಿಂದೆ ಕಳಿಸದೆ, ಮೊದಲ ತಿಂಗಳುಗಳಲ್ಲಿ ಅದಕ್ಕೆ ಕನ್ನಡ ಕಲಿಸುವ ಒಬ್ಬ ಮೇಷ್ಟ್ರು ಬೇಕು. ಹೋಗುವವರು ಮಕ್ಕಳನ್ನು ಬಿಟ್ಟುಹೋಗುವ ಋತುಮಾನದ ವಸತಿ ಶಾಲೆಗಳು ಸುಗ್ಗಿ ಮುಗಿಯುವ ಮೊದಲೇ ಬಾಗಿಲು ತೆರೆಯಬೇಕು, ಗಾಡಿ ಹೊರಟ ಮೇಲಲ್ಲ. ಮೃಗಶಿರಾ ಮಳೆಗೆ ಬಿತ್ತುವವರು ಏಪ್ರಿಲ್, ಮೇ ಹೊತ್ತಿಗೆ ಊರು ಸೇರಿರುತ್ತಾರೆ. ಶಾಲೆ ಮೇ ಕೊನೆಗೆ ಆರಂಭವಾಗುತ್ತದೆ. ಪಂಚಾಯಿತಿಗೆ ಸಿಗುವ ಕಾಲ ಆ ಆರೆಂಟು ವಾರ, ಮತ್ತು ಆ ದಿನಗಳಲ್ಲಿ ಬಂದವರೆಲ್ಲರೂ ಮನೆಯಲ್ಲೇ ಸಿಗುತ್ತಾರೆ.