ಪಾಚಿ ಬೆಳೆಸುವವರು

ಹಜಾರದ ಮೂಲೆಯಲ್ಲಿ ಎರಡಡಿ ಉದ್ದದ ಗಾಜಿನ ತೊಟ್ಟಿ. ಒಳಗೆ ಕಂದಿಹೋದ ನಾಲ್ಕು ಕಡ್ಡಿ, ಗಾಜಿಗಂಟಿದ ಹಸಿರು ಲೋಳೆ, ಮೇಲೆ ನೀಲಿ-ಗುಲಾಬಿ ಬೆಳಕು. ‘ನಮ್ಮಲ್ಲಿ ಗಿಡ ಬರೋದೇ ಇಲ್ಲ ಸಾರ್, ನೀರೇ ಸರಿಯಿಲ್ಲ’ ಅನ್ನುತ್ತೀರಿ. ನೀರನ್ನು ಬೈಯಬೇಡಿ. ಆ ಲೈಟು ಕೊಳ್ಳುವಾಗ ನೀವು ಕೇಳಿದ್ದು ಎರಡೇ ಮಾತು: ಎಷ್ಟಾಗುತ್ತೆ, ಬಣ್ಣ ಬದಲಾಗುತ್ತಾ? ತುಳಸಿ ಕುಂಡವನ್ನು ಬಿಸಿಲು ಬೀಳುವ ಕಡೆಗೆಲ್ಲ ಸರಿಸುವವರೂ ನೀವೇ. ನೀರೊಳಗಿನ ಗಿಡ ಮಾತ್ರ ನಿಮಗೆ ಶೋಕೇಸಿನ ಗೊಂಬೆ.

ಡಬ್ಬಿಯ ಮೇಲೆ ವ್ಯಾಟ್ ಓದಿದರೆ ಕರೆಂಟಿನ ಖರ್ಚು ತಿಳಿದೀತು. ಲ್ಯೂಮೆನ್ ಮನುಷ್ಯನ ಕಣ್ಣಿನ ಲೆಕ್ಕ. ನಮ್ಮ ಕಣ್ಣು ಅತಿ ಚುರುಕಾಗಿರುವುದು ಸುಮಾರು 555 ನ್ಯಾನೊಮೀಟರಿನ ಹಸಿರಿಗೆ. ಕೆಲ್ವಿನ್ ಬರೀ ಬಣ್ಣದ ಛಾಯೆ. ಗಿಡ ಉಣ್ಣುವುದು 400ರಿಂದ 700 ನ್ಯಾನೊಮೀಟರ್ ನಡುವಿನ ಬೆಳಕನ್ನು, ಅದರ ಅಳತೆಗೆ ಪಾರ್ ಅನ್ನುತ್ತಾರೆ. ಅದೂ ಲೈಟಿನ ಬುಡದಲ್ಲಿ ಎಷ್ಟಿದೆ ಎಂಬುದಲ್ಲ, ಮರಳಿನ ಮಟ್ಟಕ್ಕೆ ಎಷ್ಟು ಇಳಿಯಿತು ಎಂಬುದು ಮುಖ್ಯ. ಒಂದಡಿ ಆಳದ ತೊಟ್ಟಿಗೆ ಸಾಕಾದ ಲೈಟು ಎರಡಡಿಯ ತಳದಲ್ಲಿ ಬರೀ ಮುಸ್ಸಂಜೆ.

ಇನ್ನೊಂದು ಬಗೆಯವರ ಮೇಲೆ ನನಗೆ ಇನ್ನೂ ಹೆಚ್ಚು ಕೋಪ. ಜಪಾನಿನ ತಕಾಶಿ ಅಮಾನೊ ಕಟ್ಟಿದ ತೊಟ್ಟಿಗಳ ಫೋಟೊ ನೋಡಿ, ಹಸಿರು ಅಷ್ಟು ದಟ್ಟವಾಗಿರುವುದು ಲೈಟಿನಿಂದಲೇ ಎಂದು ತೀರ್ಮಾನಿಸಿ, ಒಂದರ ಪಕ್ಕ ಇನ್ನೊಂದು ಲೈಟು ತೂಗುಹಾಕುವವರು. ಆತನ ತೊಟ್ಟಿಗೆ ಸಿಲಿಂಡರಿನಿಂದ ಕಾರ್ಬನ್ ಡೈಆಕ್ಸೈಡ್ ಹೋಗುತ್ತಿತ್ತು, ಗೊಬ್ಬರ ಹೋಗುತ್ತಿತ್ತು, ನೀರು ಬದಲಾಗುತ್ತಿತ್ತು, ಕತ್ತರಿ ಆಡುತ್ತಿತ್ತು. ಫೋಟೊದಲ್ಲಿ ಅವು ಕಾಣುವುದಿಲ್ಲ. ಬೆಳಕು ಗಿಡಕ್ಕೆ ಹಸಿವು ಹುಟ್ಟಿಸುತ್ತದೆ, ಊಟ ಬಡಿಸುವುದು ಬೇರೆ ಕೆಲಸ. ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಕಾರ್ಬನ್ ಡೈಆಕ್ಸೈಡ್ ನೀರಿನಲ್ಲಿ ಹರಡುತ್ತದೆ. ಹಸಿದ ಗಿಡ ಎಲೆ ತೂತು ಮಾಡಿಕೊಂಡು ಸೊರಗುತ್ತದೆ. ಪಾಚಿ ಅಷ್ಟರಲ್ಲೇ ಬದುಕಿಕೊಳ್ಳುತ್ತದೆ.

ಸಿಲಿಂಡರ್ ಬೇಡವೇ? ಬೇಡ. ಹಾಗಾದರೆ ಮಂದ ಬೆಳಕಿನಲ್ಲೇ ತೃಪ್ತವಾಗಿರುವ ಅನುಬಿಯಸ್, ಜಾವಾ ಫರ್ನ್, ಕ್ರಿಪ್ಟೊಕೊರೈನ್ ತನ್ನಿ. ಕ್ರಿಪ್ಟೊಕೊರೈನ್ ಜಾತಿಯವು ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲೂ ಇವೆ. ನೀವು ತರುವುದು ಕೆಂಪಗೆ ಕಂಡ ರೊಟಾಲಾ ಮಕ್ರಾಂಡ್ರಾ. ದಕ್ಷಿಣ ಭಾರತದ್ದೇ ಗಿಡ, ಆದರೆ ಒಳ್ಳೆಯ ಬೆಳಕೂ ಬೇಕು, ಕಾರ್ಬನ್ನೂ ಬೇಕು. ಎರಡು ವಾರಕ್ಕೆ ಅದು ಕೊಳೆತರೆ ಅಂಗಡಿಯವನಿಗೆ ಶಾಪ.

ಇನ್ನು ಗಂಟೆಯ ಲೆಕ್ಕ. ಹೊಸ ತೊಟ್ಟಿಗೆ ದಿನಕ್ಕೆ ಆರು ಗಂಟೆ, ನೆಲೆಯೂರಿದ ಮೇಲೆ ಎಂಟು, ಸಾಕು. ಕೆಲವು ನೂರು ರೂಪಾಯಿಯ ಟೈಮರ್ ಆ ಕೆಲಸ ಮಾಡುತ್ತದೆ. ನಿಮ್ಮಲ್ಲಿ ಲೈಟು ಉರಿಯುವುದು ನೆಂಟರು ಬಂದಾಗ, ಆರುವುದು ನೆನಪಾದಾಗ. ಕೆಲವರು ರಾತ್ರಿಯಿಡೀ ನೀಲಿ ದೀಪ ಬಿಡುತ್ತಾರೆ, ಚಂದ ಕಾಣುತ್ತದಂತೆ. ಮೀನಿಗೆ ಮುಚ್ಚಿಕೊಳ್ಳಲು ರೆಪ್ಪೆಯಿಲ್ಲ ಸ್ವಾಮಿ! (ನಾನೂ ಒಮ್ಮೆ ಪಡುವಣ ಕಿಟಕಿಯ ಪಕ್ಕ ತೊಟ್ಟಿಯಿಟ್ಟು, ಪುಕ್ಕಟೆ ಬಿಸಿಲು ಎಂದು ಹಿಗ್ಗಿದವನೇ. ಮೂರನೇ ವಾರಕ್ಕೆ ನೀರು ಬಟಾಣಿ ಸಾರಾಗಿತ್ತು.)

ಪಾಚಿ ಕವಿದ ಮೇಲೂ ಲೈಟಿಗೆ ಕೈಹಾಕುವುದಿಲ್ಲ ನೀವು. ಪಾಚಿ ತಿನ್ನುತ್ತದೆಂದು ಬೆರಳುದ್ದದ ಸಕ್ಕರ್ ಮೀನು ತರುತ್ತೀರಿ. ದಕ್ಷಿಣ ಅಮೆರಿಕದ ಆ ಪ್ರಾಣಿ ಒಂದಡಿ ದಾಟಿ ಬೆಳೆಯುತ್ತದೆ. ಎರಡಡಿಯ ತೊಟ್ಟಿಯಲ್ಲಿ ಅದು ತಿರುಗಲಾರದೆ ಗಿಡ ಕಿತ್ತುಹಾಕಿದ ದಿನ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹಾಕಿಕೊಂಡು ಕತ್ತಲಾದ ಮೇಲೆ ಕೆರೆ ದಂಡೆಗೆ ಹೋಗುತ್ತೀರಿ. ಅಲ್ಲಿನ ಮೀನುಗಾರರ ಬಲೆಯನ್ನು ಅದರ ಮುಳ್ಳು ಹರಿಯುವ ಹೊತ್ತಿಗೆ ನಿಮ್ಮ ಹಜಾರದಲ್ಲಿ ಅದೇ ಲೈಟು ಇನ್ನೂ ಉರಿಯುತ್ತಿರುತ್ತದೆ.