ಗೋದಾಮಿನ ಬಾಡಿಗೆ: ಬೆಲೆಗಲ್ಲ, ಜಾಗಕ್ಕೆ

ಅಮೆಜಾನ್‌ನ ಅಮೆರಿಕದ ಗೋದಾಮುಗಳಲ್ಲಿ ಸರಕು ಇರಿಸಿ ಮಾರುವ ಸಣ್ಣ ವ್ಯಾಪಾರಿಗಳ ಲಾಭವನ್ನು ಬೇಡಿಕೆಯಷ್ಟೇ ದಾಸ್ತಾನು ಶುಲ್ಕವೂ ನಿರ್ಧರಿಸುತ್ತದೆ. ಈ ಶುಲ್ಕಕ್ಕೆ ಸರಕಿನ ಬೆಲೆ ಆಧಾರವಲ್ಲ. ಅದು ಆಕ್ರಮಿಸುವ ಘನ ಅಡಿ ಹಾಗೂ ಉಳಿಯುವ ದಿನಗಳೇ ಮುಖ್ಯ.

12 ಅಂಗುಲ ಉದ್ದ, 12 ಅಂಗುಲ ಅಗಲ, 6 ಅಂಗುಲ ಎತ್ತರದ ಪೆಟ್ಟಿಗೆಯ ಗಾತ್ರ ಅರ್ಧ ಘನ ಅಡಿ. ಇಂಥ 200 ಪೆಟ್ಟಿಗೆಗಳು ತಿಂಗಳಿಡೀ ಉಳಿದರೆ 100 ಘನ ಅಡಿಗೆ ಬಾಡಿಗೆ. ದಿನದ ಸರಾಸರಿ ದಾಸ್ತಾನನ್ನು ಲೆಕ್ಕ ಹಿಡಿಯುವುದರಿಂದ, ತಿಂಗಳ ನಡುವೆ ಎಲ್ಲವೂ ಒಮ್ಮೆಗೇ ಖಾಲಿಯಾದರೆ ಶುಲ್ಕವೂ ಅರ್ಧಕ್ಕಿಳಿಯುತ್ತದೆ.

2024ರ ದರಪಟ್ಟಿಯಂತೆ ಸಾಮಾನ್ಯ ಗಾತ್ರದ ಸರಕಿಗೆ ಜನವರಿಯಿಂದ ಸೆಪ್ಟೆಂಬರ್‌ವರೆಗೆ ಘನ ಅಡಿಗೆ 0.78 ಡಾಲರ್, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ 2.40 ಡಾಲರ್. ಅಂದರೆ ಸೆಪ್ಟೆಂಬರ್‌ನಲ್ಲಿ 78 ಡಾಲರ್ ಇದ್ದ ಮೂಲ ಶುಲ್ಕ ಮರುತಿಂಗಳೇ 240 ಡಾಲರ್! 181 ದಿನ ತಲುಪಿದ ಹಳೆಯ ದಾಸ್ತಾನಿಗೆ ಹೆಚ್ಚುವರಿ ಶುಲ್ಕ ಪ್ರತ್ಯೇಕ.

ಕ್ರಿಸ್‌ಮಸ್ ಮಾರಾಟವನ್ನು ನೆಚ್ಚಿದ ವ್ಯಾಪಾರಿಯ ಸ್ಥಿತಿ ಅಡಕತ್ತರಿಯಲ್ಲಿ ಸಿಲುಕಿದಂತೆ. ಸರಕು ಕಡಿಮೆಯಾದರೆ ಗಿರಾಕಿ ಕೈತಪ್ಪುತ್ತಾನೆ. ಹೆಚ್ಚಾದರೆ ಬಾಡಿಗೆ ಲಾಭವನ್ನು ನುಂಗುತ್ತದೆ. ಅಗ್ಗದ, ಆದರೆ ಹೆಚ್ಚು ಜಾಗ ಬೇಡುವ ಸರಕಿನವರಿಗೆ ಪೆಟ್ಟು ಇನ್ನೂ ಜೋರು. ಪೆಟ್ಟಿಗೆಯೊಳಗಿನ ಗಾಳಿಗೂ ಬಾಡಿಗೆ ತೆರಬೇಕಾದ ಈ ಲೆಕ್ಕದಲ್ಲಿ, ಪೆಟ್ಟಿಗೆಯನ್ನು ಕಿರಿದಾಗಿಸುವುದೇ ಮೊದಲ ಉಳಿತಾಯ.